ಹೊಣೆ ಹೊರುವುದು, ಹೊಣೆ ಹೊರಿಸುವುದು

ಪ್ರಶ್ನೆ: ನನ್ನ ತಂದೆಗೆ 66 ವರ್ಷ. 14 ವರ್ಷದಿಂದ ಮಧುಮೇಹ. ದಿನವೂ ಮುಕ್ಕಾಲು ಗಂಟೆ ನಡೆಯುತ್ತಾರೆ, ಮಾತ್ರೆ ತಪ್ಪಿಸುವುದಿಲ್ಲ. ಆದರೂ ಮೂರು ವರ್ಷದಲ್ಲಿ, ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 7.1ರಿಂದ 8.7ಕ್ಕೆ ಏರಿದೆ. ಹೋದಾಗಲೆಲ್ಲ ವೈದ್ಯರು "ನೀವು ಸರಿಯಾಗಿ ನೋಡಿಕೊಳ್ಳುತ್ತಿಲ್ಲ, ಹೀಗೇ ಆದರೆ ಇನ್ಸುಲಿನ್ನೇ ಗತಿ" ಎನ್ನುತ್ತಾರೆ. ಎಂಟು ತಿಂಗಳಿಂದ ಅಪ್ಪ ಆಸ್ಪತ್ರೆಯ ಕಡೆ ತಲೆಹಾಕಿಲ್ಲ, ಹಳೆಯ ಚೀಟಿಯ ಮಾತ್ರೆಗಳನ್ನೇ ನುಂಗುತ್ತಿದ್ದಾರೆ. ಅವರು ಕದ್ದು ಸಿಹಿ ತಿನ್ನುವುದನ್ನು ನಾನೂ ಕಂಡಿದ್ದೇನೆ, ಹಾಗಾಗಿ ವೈದ್ಯರದೇ ತಪ್ಪು ಎನ್ನಲಾರೆ. ಆರೋಗ್ಯದ ಹೊಣೆ ನಿಜಕ್ಕೂ ಯಾರದು? ರೋಗಿಗಳು ಮತ್ತು ವೈದ್ಯರು ಇದನ್ನು ಇಷ್ಟು ಬೇರೆಬೇರೆಯಾಗಿ ನೋಡುವುದೇಕೆ?

ಉತ್ತರ: 8.7 ಎಂಬ ಅಂಕಿಗಿಂತ ಆ ಎಂಟು ತಿಂಗಳು ನನ್ನನ್ನು ಹೆಚ್ಚು ಕಾಡಿತು. ಅಂಕಿಯನ್ನು ಇಳಿಸಲು ನಮ್ಮ ಬಳಿ ಹತ್ತಾರು ದಾರಿಗಳಿವೆ. ಬಾಗಿಲು ದಾಟಿ ಒಳಗೆ ಬರದವರಿಗೆ ಕೊಡಲು ಏನೂ ಇಲ್ಲ. ನಿಮ್ಮ ತಂದೆ ಯಾಕೆ ಬರುತ್ತಿಲ್ಲ ಎಂಬುದು ನನಗೆ ಅರ್ಥವಾಗುತ್ತದೆ, ಅವರ ವೈದ್ಯರು ಯಾಕೆ ಹಾಗೆ ಮಾತಾಡಿದರು ಎಂಬುದೂ ಅರ್ಥವಾಗುತ್ತದೆ. ನಾನೂ ಹಾಗೆ ಮಾತಾಡಿದವನೇ.

ಹೊರು, ಹೊರಿಸು ಎಂಬ ಎರಡು ಮಾತುಗಳ ನಡುವೆ ಇರುವುದು ಒಂದೇ ಒಂದು ಪ್ರತ್ಯಯ. ಹೊಣೆ ಹೊರುವುದು ಮುಂದಿನ ದಿನದ ಮಾತು: ನಾಳೆ ಬೆಳಗ್ಗೆ ನಾನೇನು ಮಾಡಲಿ? ಹೊಣೆ ಹೊರಿಸುವುದು ಹಿಂದಿನ ದಿನದ ಮಾತು: ಇದು ಯಾರಿಂದ ಆಯಿತು? ಮೊದಲನೆಯದನ್ನು ಹೇಳಿದೆವು ಎಂದು ವೈದ್ಯರಾದ ನಾವು ಅಂದುಕೊಂಡಿರುತ್ತೇವೆ. ಎದುರು ಕೂತವರ ಕಿವಿಗೆ ಬೀಳುವುದು ಎರಡನೆಯದು. ನೀವು ಕೇಳಿದ ಭಿನ್ನಾಭಿಪ್ರಾಯದ ಬಹುಪಾಲು ಇಲ್ಲಿಯೇ ಹುಟ್ಟುತ್ತದೆ ಎಂಬುದು ಇಷ್ಟು ವರ್ಷಗಳಲ್ಲಿ ನನಗೆ ಕಂಡ ಸಂಗತಿ. ರೋಗಿಗಳು ಹೊಣೆ ಬೇಡವೆನ್ನುವುದು ತೀರಾ ಅಪರೂಪ. "ನಾನೇ ಸರಿಯಾಗಿ ನೋಡಿಕೊಳ್ಳಬೇಕಿತ್ತು" ಎಂದು ಅವರೇ ಮೊದಲು ಹೇಳುತ್ತಾರೆ, ಅದೂ ನಾವು ಕೇಳುವ ಮುಂಚೆ. ಅವರಿಗೆ ಬೇಡವಾದದ್ದು ತಪ್ಪಿತಸ್ಥರ ಹಾಗೆ ಕೂರುವುದು.

ಮೊದಲು ನಿಮ್ಮ ತಂದೆಯ ಅಂಕಿಯ ಬಗ್ಗೆ ಹೇಳಿಬಿಡುತ್ತೇನೆ, ಏಕೆಂದರೆ ಉಳಿದ ಮಾತೆಲ್ಲ ಅದರ ಮೇಲೆ ನಿಂತಿದೆ. ಬ್ರಿಟನ್ನಿನಲ್ಲಿ 1977ರಲ್ಲಿ ಮಧುಮೇಹದ ಬಗ್ಗೆ ಒಂದು ದೊಡ್ಡ ಅಧ್ಯಯನ ಶುರುವಾಯಿತು. ಯುಕೆಪಿಡಿಎಸ್ ಎಂದು ಅದನ್ನು ಕರೆಯುತ್ತೇವೆ. ಹೊಸದಾಗಿ ಟೈಪ್ 2 ಮಧುಮೇಹ ಪತ್ತೆಯಾದ 5,000ಕ್ಕೂ ಹೆಚ್ಚು ಜನರನ್ನು 23 ಕೇಂದ್ರಗಳಲ್ಲಿ ವರ್ಷಗಟ್ಟಲೆ ಹಿಂಬಾಲಿಸಿ, 1998ರಲ್ಲಿ ಮುಖ್ಯ ಫಲಿತಾಂಶ ಪ್ರಕಟಿಸಿದರು. ಮೊದಲ ವರ್ಷ ಔಷಧ ಪಡೆದವರ ಸಕ್ಕರೆ ಇಳಿಯಿತು. ಆಮೇಲೆ ಎಲ್ಲ ಗುಂಪುಗಳಲ್ಲೂ ವರ್ಷದಿಂದ ವರ್ಷಕ್ಕೆ ಮೆಲ್ಲಗೆ ಏರುತ್ತ ಹೋಯಿತು. ಪಥ್ಯದ ಗುಂಪಿನಲ್ಲಿ ಏರಿತು, ಮಾತ್ರೆಯ ಗುಂಪಿನಲ್ಲಿ ಏರಿತು, ಇನ್ಸುಲಿನ್ ಗುಂಪಿನಲ್ಲೂ ಏರಿತು. ಒಂಬತ್ತು ವರ್ಷ ಕಳೆಯುವಷ್ಟರಲ್ಲಿ ನಾಲ್ವರಲ್ಲಿ ಮೂವರಿಗೆ ಎಚ್‌ಬಿಎ1ಸಿಯನ್ನು 7ರ ಕೆಳಗೆ ಇಡಲು ಒಂದು ಔಷಧ ಸಾಲದೆ ಎರಡು ಮೂರು ಬೇಕಾದವು. ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳು ಮೇದೋಜೀರಕ ಗ್ರಂಥಿಯಲ್ಲಿ ಒಂದೊಂದಾಗಿ ಸೋಲುತ್ತ ಹೋಗುವುದೇ ಈ ಕಾಯಿಲೆಯ ಸ್ವಭಾವ. ಕಾಯಿಲೆ ಪತ್ತೆಯಾಗುವ ದಿನವೇ ಅವುಗಳ ಶಕ್ತಿ ಸುಮಾರು ಅರ್ಧಕ್ಕೆ ಇಳಿದಿರುತ್ತದೆ ಎಂದು ಅದೇ ಅಧ್ಯಯನದ ಲೆಕ್ಕ ಸೂಚಿಸಿತು.

14 ವರ್ಷದ ಮಧುಮೇಹ ಇರುವವರಿಗೆ ಹಳೆಯ ಮಾತ್ರೆ ಸಾಲದಾಗಿದೆ ಎಂದರೆ, ಬೇರೇನೂ ಗೊತ್ತಾಗುವ ಮುನ್ನ ನನಗೆ ಮೊದಲು ಬರಬೇಕಾದ ಊಹೆ ಅದೇ: ಕಾಯಿಲೆ ಮುಂದೆ ಹೋಗಿದೆ, ಚಿಕಿತ್ಸೆ ಹಿಂದೆ ಉಳಿದಿದೆ. ಇನ್ಸುಲಿನ್ ಬೇಕಾಗಿ ಬಂದರೆ ಅದು ಕಾಯಿಲೆಯ ಮುಂದಿನ ಹಂತಕ್ಕೆ ಸಿಗುವ ಔಷಧ. ಅದನ್ನು ಶಿಕ್ಷೆಯ ಹಾಗೆ ತೋರಿಸಿ ಹೆದರಿಸುವುದು ನನ್ನ ವೃತ್ತಿಯ ಅತಿ ದುಬಾರಿ ತಪ್ಪುಗಳಲ್ಲಿ ಒಂದು ಎಂದು ಸಂಕೋಚವಿಲ್ಲದೆ ಹೇಳುತ್ತೇನೆ. 2001ರಲ್ಲಿ 13 ದೇಶಗಳಲ್ಲಿ ರೋಗಿಗಳನ್ನೂ ವೈದ್ಯ ಸಿಬ್ಬಂದಿಯನ್ನೂ ಬೇರೆಬೇರೆಯಾಗಿ ಕೇಳಿದ 'ಡಾನ್' ಎಂಬ ಸಮೀಕ್ಷೆ ನಡೆದಿತ್ತು. ನಿಮ್ಮ ಪ್ರಶ್ನೆಗೆ ಇಷ್ಟು ಹತ್ತಿರವಾದ ಅಧ್ಯಯನ ಇನ್ನೊಂದು ನನ್ನ ನೆನಪಿಗೆ ಬರುವುದಿಲ್ಲ. ಇನ್ಸುಲಿನ್ ಶುರುಮಾಡಬೇಕಾಗಿ ಬಂದರೆ ಅದು ತಮ್ಮದೇ ಸೋಲು, ಹೇಳಿದ ಹಾಗೆ ನಡೆದುಕೊಳ್ಳದ್ದರ ಫಲ ಎಂದು ಅದನ್ನಿನ್ನೂ ಪಡೆಯದ ರೋಗಿಗಳು ಹೇಳಿದರು. ಇತ್ತ ಅರ್ಧಕ್ಕಿಂತ ತುಸು ಹೆಚ್ಚು ದಾದಿಯರು ಮತ್ತು ಸಾಮಾನ್ಯ ವೈದ್ಯರು, ತೀರಾ ಅನಿವಾರ್ಯವಾಗುವ ತನಕ ಇನ್ಸುಲಿನ್ನನ್ನು ಮುಂದೂಡುತ್ತೇವೆ ಎಂದರು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ರೋಗಿ ನಾಚಿಕೆಯಿಂದ ಬೇಡವೆನ್ನುತ್ತಾರೆ, ನಾವು ತಡಮಾಡುತ್ತೇವೆ, ತಡವಾದದ್ದಕ್ಕೆ ರೋಗಿಯನ್ನು ದೂರುತ್ತೇವೆ.

ಚಿಕಿತ್ಸೆ ಹೆಚ್ಚಿಸಬೇಕೆಂದು ಕಣ್ಣಿಗೆ ಕಾಣುತ್ತಿದ್ದರೂ ವೈದ್ಯರು ಕೈಕಟ್ಟಿ ಕೂರುವುದಕ್ಕೆ ವೈದ್ಯ ಸಾಹಿತ್ಯದಲ್ಲಿ 2001ರಲ್ಲೇ ಒಂದು ಹೆಸರು ಸಿಕ್ಕಿತು: ಕ್ಲಿನಿಕಲ್ ಇನರ್ಷಿಯಾ. ವೈದ್ಯಕೀಯ ಜಡತ್ವ ಎನ್ನೋಣ. "ಇನ್ನು ಮೂರು ತಿಂಗಳು ಪಥ್ಯ ಬಿಗಿ ಮಾಡಿ, ನೋಡೋಣ" ಎಂಬ ಮಾತು ಎಷ್ಟೋ ಸಲ ಈ ಜಡತ್ವದ ಇನ್ನೊಂದು ರೂಪ. ಅದು ಕೇಳಲು ಸಲಹೆಯಂತಿದೆ, ಆದರೆ ನಿರ್ಧಾರವನ್ನು ರೋಗಿಯ ಹೆಗಲಿಗೆ ದಾಟಿಸುತ್ತದೆ.

ಹಾಗಿದ್ದರೆ ವೈದ್ಯರು ಯಾಕೆ ಹೀಗೆ? ಒಳಗಿನವನಾಗಿ ಹೇಳುತ್ತೇನೆ. ಸೋತ ಕಾಲನ್ನು ಕತ್ತರಿಸಿದ್ದನ್ನು, ಕಣ್ಣು ಕಳೆದುಕೊಂಡು ಮಗಳ ಕೈ ಹಿಡಿದು ಬಂದವರನ್ನು ನಾವು ನೋಡಿರುತ್ತೇವೆ. ಮುಂದಿನ ಕುರ್ಚಿಯಲ್ಲಿ ಕೂತವರ ರಿಪೋರ್ಟಿನಲ್ಲಿ ಅದೇ ದಾರಿಯ ಗುರುತು ಕಂಡಾಗ ಭಯವಾಗುತ್ತದೆ, ಆ ಭಯ ಬಾಯಿಂದ ಹೊರಬರುವಾಗ ಬೈಗುಳವಾಗಿರುತ್ತದೆ. ತಾಯಿ ರಸ್ತೆಗೆ ಓಡಿದ ಮಗುವಿಗೆ ಹೊಡೆಯುವುದೂ ಹೀಗೆಯೇ. ಇದರ ಜೊತೆಗೆ ಅಸಹಾಯಕತೆ ಇದೆ: ಹತ್ತು ನಿಮಿಷದಲ್ಲಿ ಒಬ್ಬರ ಹತ್ತು ವರ್ಷದ ಅಭ್ಯಾಸವನ್ನು ತಿದ್ದಬೇಕಾದಾಗ ಎಲ್ಲಕ್ಕಿಂತ ಬೇಗ ಕೈಗೆ ಸಿಗುವ ಉಪಕರಣ ಎಚ್ಚರಿಕೆ. ಮೂರನೆಯದು ಮನುಷ್ಯರೆಲ್ಲರದೂ. ಇನ್ನೊಬ್ಬರ ನಡತೆಗೆ ಕಾರಣ ಹುಡುಕುವಾಗ ಅವರ ಸ್ವಭಾವವನ್ನು ಅತಿಯಾಗಿಯೂ ಅವರ ಪರಿಸ್ಥಿತಿಯನ್ನು ಕಡಿಮೆಯಾಗಿಯೂ ಲೆಕ್ಕಹಾಕುತ್ತೇವೆ. ಮನಶ್ಶಾಸ್ತ್ರಜ್ಞ ಲೀ ರಾಸ್ 1977ರಲ್ಲಿ ಇದಕ್ಕೆ ಮೂಲಭೂತ ಆರೋಪದೋಷ ಎಂಬರ್ಥದ ಹೆಸರಿಟ್ಟರು. ನಾನು ವಾಕಿಂಗ್ ತಪ್ಪಿಸಿದರೆ ಡ್ಯೂಟಿ ಜಾಸ್ತಿ ಇತ್ತು, ನೀವು ತಪ್ಪಿಸಿದರೆ ನಿಮಗೆ ಶಿಸ್ತಿಲ್ಲ.

ನಮ್ಮ ತರಬೇತಿಯ ಪಾಲೂ ಇದೆ. ಟಾಲ್ಕಟ್ ಪಾರ್ಸನ್ಸ್ ಎಂಬ ಸಮಾಜಶಾಸ್ತ್ರಜ್ಞ 1951ರಲ್ಲಿ ರೋಗಿಯ ಪಾತ್ರವನ್ನು ಒಂದು ಒಪ್ಪಂದದ ಹಾಗೆ ವಿವರಿಸಿದರು. ಕಾಯಿಲೆ ಬಿದ್ದವರನ್ನು ಅದಕ್ಕಾಗಿ ದೂರುವಂತಿಲ್ಲ, ದಿನದ ಕೆಲಸಗಳಿಂದ ಅವರಿಗೆ ವಿನಾಯಿತಿ. ಪ್ರತಿಯಾಗಿ ಅವರು ಗುಣವಾಗಲು ಬಯಸಬೇಕು, ಬಲ್ಲವರ ನೆರವು ಪಡೆದು ಹೇಳಿದ ಹಾಗೆ ಕೇಳಬೇಕು. ನ್ಯುಮೋನಿಯಾಕ್ಕೆ ಇದು ಚೆನ್ನಾಗಿ ಹೊಂದುತ್ತದೆ. ಎರಡು ವಾರ ಮಲಗಿದರಾಯಿತು. 14 ವರ್ಷದ ಮಧುಮೇಹಕ್ಕೆ ಹೊಂದುವುದಿಲ್ಲ. ಇಲ್ಲಿ ವಿನಾಯಿತಿಯೂ ಇಲ್ಲ, ಗುಣವಾಗುವ ದಿನವೂ ಇಲ್ಲ, ದೂರು ಮಾತ್ರ ಹೊಸದಾಗಿ ಸೇರಿಕೊಂಡಿದೆ. ಲೆಕ್ಕ ಹಾಕಿ: ವರ್ಷಕ್ಕೆ ನಾಲ್ಕು ಭೇಟಿ, ಒಂದೊಂದು ಕಾಲು ಗಂಟೆ, ಒಟ್ಟು ಒಂದು ಗಂಟೆ. ವರ್ಷದಲ್ಲಿರುವುದು 8,760 ಗಂಟೆ. ಉಳಿದ 8,759 ಗಂಟೆ ಚಿಕಿತ್ಸೆ ಮಾಡುವವರು ನಿಮ್ಮ ತಂದೆ. ಈ ಲೆಕ್ಕವನ್ನು "ನೋಡಿ, ಎಲ್ಲ ನಿಮ್ಮ ಕೈಯಲ್ಲೇ ಇದೆ" ಎಂದು ಹೇಳಲು ಬಳಸುವವರಿದ್ದಾರೆ. ನಾನು ಅದನ್ನು ಬೇರೆ ರೀತಿ ಓದುತ್ತೇನೆ. ಆ 8,759 ಗಂಟೆಗಳ ಬಗ್ಗೆ ನನಗೆ ಏನೂ ಗೊತ್ತಿಲ್ಲ. ಅವರು ಹೇಳಿದರಷ್ಟೇ ಗೊತ್ತು. ಅವರು ಹೇಳುವ ಹಾಗೆ ನಾನು ಕೂತಿರಬೇಕು.

ಇದನ್ನು ನಾನು ಕಲಿತದ್ದು ಒಬ್ಬ ಮಹಿಳೆಯಿಂದ. ನಾನಾಗ ಇನ್ನೂ ಹೊಸಬ. ಅವರ ಬಿಪಿ ಯಾವ ಮಾತ್ರೆಗೂ ಬಗ್ಗುತ್ತಿರಲಿಲ್ಲ. ಪ್ರತಿ ಸಲ ನಾನು "ಮಾತ್ರೆ ಸರಿಯಾಗಿ ತಗೊಳ್ತೀರಾ?" ಎಂದು ಹುಬ್ಬು ಗಂಟಿಕ್ಕಿ ಕೇಳುತ್ತಿದ್ದೆ, ಅವರು "ತಗೊಳ್ತೀನಿ ಡಾಕ್ಟ್ರೇ" ಎನ್ನುತ್ತಿದ್ದರು, ನಾನು ಇನ್ನೊಂದು ಮಾತ್ರೆ ಸೇರಿಸುತ್ತಿದ್ದೆ. ನಾಲ್ಕು ಮಾತ್ರೆಗಳಾದವು. ಒಮ್ಮೆ ಬೇರಾವುದೋ ಜ್ವರಕ್ಕೆಂದು ಅವರನ್ನು ಆಸ್ಪತ್ರೆಗೆ ಸೇರಿಸಿದೆವು. ದಾದಿ ನನ್ನ ಚೀಟಿ ನೋಡಿ ನಾಲ್ಕನ್ನೂ ಹೊತ್ತಿಗೆ ಸರಿಯಾಗಿ ಕೊಟ್ಟರು. ಮರುದಿನ ಬೆಳಗ್ಗೆ ಬಿಪಿ ಪಾತಾಳಕ್ಕಿಳಿದು ಅವರು ಬಚ್ಚಲಲ್ಲಿ ಕುಸಿದರು. ಎಚ್ಚರವಾದ ಮೇಲೆ ಹೇಳಿದರು: ಮೊದಲ ಮಾತ್ರೆಗೇ ಕಾಲು ಊದುತ್ತಿತ್ತು, ಅದಕ್ಕೆ ಎರಡು ದಿನಕ್ಕೊಂದು ತೆಗೆದುಕೊಳ್ಳುತ್ತಿದ್ದರು. "ಹೇಳಿದ್ರೆ ಬೈತೀರಿ ಅಂತ ಹೇಳಲಿಲ್ಲ." ಕಾಲು ಊದುವುದು ಆ ಔಷಧದ ಎಲ್ಲರಿಗೂ ಗೊತ್ತಿರುವ ಅಡ್ಡಪರಿಣಾಮ. ಬದಲಿಸಲು ನನಗೆ ಒಂದು ನಿಮಿಷ ಸಾಕಿತ್ತು. ಅವರು ಸುಳ್ಳು ಹೇಳಿದ್ದು ನಿಜ. ಸತ್ಯ ಹೇಳುವುದನ್ನು ಅಷ್ಟು ಕಷ್ಟ ಮಾಡಿಟ್ಟವನು ನಾನು.

ಇಂಥವರು ಅಪರೂಪವಲ್ಲ. ದೀರ್ಘಕಾಲದ ಕಾಯಿಲೆಗಳಲ್ಲಿ, ಸಿರಿವಂತ ದೇಶಗಳಲ್ಲೂ, ಸರಾಸರಿ ಅರ್ಧದಷ್ಟು ಜನ ಮಾತ್ರ ಚಿಕಿತ್ಸೆಯನ್ನು ಹೇಳಿದಂತೆ ಪಾಲಿಸುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲಿ ಹೇಳಿತು. ಭೇಟಿಯ ದಿನ ಹತ್ತಿರವಾದಾಗ ಕೆಲವು ದಿನ ಎಲ್ಲವನ್ನೂ ಶಿಸ್ತಾಗಿ ಪಾಲಿಸುವುದೂ ನಮಗೆ ಗೊತ್ತಿರುವ ಸಂಗತಿಯೇ. ಅರ್ಧಕ್ಕರ್ಧ ಜನ ಒಂದು ಕೆಲಸವನ್ನು ಮಾಡಲಾರರು ಎಂದಾದರೆ ಅದನ್ನು ವ್ಯಕ್ತಿಯ ದೌರ್ಬಲ್ಯ ಎಂದು ಕರೆಯುವುದು ಎಷ್ಟು ಸರಿ? ಆ ಕೆಲಸವೇ ಮನುಷ್ಯರಿಗೆ ಕಷ್ಟದ್ದು ಎಂದು ಮೊದಲು ಒಪ್ಪಿಕೊಳ್ಳಬೇಕಾಗುತ್ತದೆ.

ಮಾತಾಡುವ ರೀತಿಯಿಂದ ಫಲಿತಾಂಶವೇ ಬದಲಾಗುತ್ತದೆ ಎಂಬುದಕ್ಕೆ ಮದ್ಯವ್ಯಸನದ ಚಿಕಿತ್ಸೆಯಿಂದ ಒಂದು ಉದಾಹರಣೆ ಇದೆ. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್ ಮತ್ತು ಸಹೋದ್ಯೋಗಿಗಳು 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚಿಕಿತ್ಸಕರು ಎಷ್ಟು ಹೆಚ್ಚು ಮುಖಕ್ಕೆ ಮುಖ ಕೊಟ್ಟು ವಾದಿಸಿದರೋ, ವರ್ಷದ ನಂತರ ಅವರ ರೋಗಿಗಳು ಅಷ್ಟು ಹೆಚ್ಚು ಕುಡಿಯುತ್ತಿದ್ದದ್ದು ಕಂಡಿತು. ಕಾರಣ ಊಹಿಸುವುದು ಕಷ್ಟವಲ್ಲ. ನಾನು "ಬಿಡಬೇಕು" ಎಂಬ ಪಕ್ಷ ವಹಿಸಿಕೊಂಡರೆ ನಿಮಗೆ ಉಳಿಯುವುದು "ಬಿಡಲಾಗದು" ಎಂಬ ಪಕ್ಷ ಮಾತ್ರ. ಅದನ್ನು ನೀವು ಬಾಯಿಬಿಟ್ಟು ಹೇಳುತ್ತ ಹೇಳುತ್ತ ಅದೇ ನಿಮ್ಮ ನಂಬಿಕೆಯಾಗುತ್ತದೆ. ಮಿಲ್ಲರ್ 1983ರಿಂದ ಬೆಳೆಸುತ್ತ ಬಂದ ಮಾತುಕತೆಯ ವಿಧಾನದಲ್ಲಿ ಬದಲಾವಣೆಯ ಕಾರಣವನ್ನು ರೋಗಿಯ ಬಾಯಿಂದಲೇ ಬರಿಸುವುದು ಮುಖ್ಯವಾದದ್ದು ಇದಕ್ಕೇ.

ಈಗ ಇನ್ನೊಂದು ಬದಿ. ಇಲ್ಲಿಯ ತನಕ ಓದಿ "ಹಾಗಿದ್ದರೆ ಅಪ್ಪನ ಕೈಯಲ್ಲಿ ಏನೂ ಇಲ್ಲ" ಎಂದು ನೀವು ತೀರ್ಮಾನಿಸಿದರೆ ನಾನು ನಿಮಗೆ ಮೋಸ ಮಾಡಿದಂತೆ. "ಊಟ ಬಲ್ಲವನಿಗೆ ರೋಗವಿಲ್ಲ" ಎಂದ ಹಿರಿಯರು ಪೂರ್ತಿ ತಪ್ಪಲ್ಲ. ಅಮೆರಿಕದಲ್ಲಿ ಮಧುಮೇಹದ ಅಂಚಿನಲ್ಲಿದ್ದ 3,234 ಜನರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಊಟ ಮತ್ತು ನಡಿಗೆ ಬದಲಿಸಿದವರಲ್ಲಿ ಮಧುಮೇಹ ಬರುವುದು 58% ಕಡಿಮೆಯಾಯಿತು. ಮೆಟ್‌ಫಾರ್ಮಿನ್ ಮಾತ್ರೆ ಪಡೆದವರಲ್ಲಿ 31% ಮಾತ್ರ. ಮಾತ್ರೆಗಿಂತ ಮನುಷ್ಯನ ಪ್ರಯತ್ನ ಗೆದ್ದಿತು. ಆದರೆ ಆ ಪ್ರಯತ್ನದ ಹಿಂದೆ ಏನಿತ್ತು ಎಂಬುದನ್ನು ನನ್ನ ವೃತ್ತಿಬಾಂಧವರು ಹೇಳಲು ಮರೆಯುತ್ತಾರೆ. ಪ್ರತಿಯೊಬ್ಬರಿಗೂ ಒಬ್ಬ ಮಾರ್ಗದರ್ಶಕರಿದ್ದರು. ಒಬ್ಬೊಬ್ಬರನ್ನೇ ಕೂರಿಸಿಕೊಂಡು 16 ಪಾಠಗಳನ್ನು ಹೇಳಿಕೊಟ್ಟರು. ತೂಕದಲ್ಲಿ 7% ಇಳಿಕೆ, ವಾರಕ್ಕೆ 150 ನಿಮಿಷ ನಡಿಗೆ ಎಂಬ ಸ್ಪಷ್ಟ ಗುರಿ ಇತ್ತು, ಎಡವಿದಾಗ ಏನು ಮಾಡಬೇಕೆಂಬುದಕ್ಕೂ ಪಾಠವಿತ್ತು. "ತೂಕ ಇಳಿಸಿ" ಎಂದು ಚೀಟಿಯಲ್ಲಿ ಬರೆದು ಕಳಿಸಿದ್ದರಿಂದ ಬಂದ ಫಲ ಅದಲ್ಲ. ಜನ ಹೊಣೆ ಹೊತ್ತರು, ಹೊರಲು ಕೈಜೋಡಿಸುವವರಿದ್ದರು.

ತಂಬಾಕಿನ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ಧೂಮಪಾನಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ 1950ರಲ್ಲಿ ತೋರಿಸಿದರು. ತಮ್ಮದೇ ಫಲಿತಾಂಶ ನೋಡಿ ಡಾಲ್ ಸಿಗರೇಟು ಬಿಟ್ಟರು. ಮರುವರ್ಷ ಅವರು ಬ್ರಿಟನ್ನಿನ ವೈದ್ಯರನ್ನೇ ಅಧ್ಯಯನಕ್ಕೆ ಆಯ್ದುಕೊಂಡು, 34,000ಕ್ಕೂ ಹೆಚ್ಚು ಪುರುಷ ವೈದ್ಯರನ್ನು ಐವತ್ತು ವರ್ಷ ಹಿಂಬಾಲಿಸಿದರು. 2004ರ ವರದಿಯ ಪ್ರಕಾರ 30ರ ವಯಸ್ಸಿಗೆ ಬಿಟ್ಟವರಿಗೆ ಸುಮಾರು 10 ವರ್ಷ ಆಯುಸ್ಸು ಉಳಿಯಿತು, 40ಕ್ಕೆ ಬಿಟ್ಟರೆ 9, 50ಕ್ಕೆ 6, 60ಕ್ಕೆ ಬಿಟ್ಟರೂ 3. ಬಿಡುವುದಕ್ಕೆ ಯಾವ ವಯಸ್ಸೂ ತಡವಲ್ಲ ಎಂದು ನಾನು ರೋಗಿಗಳಿಗೆ ಹೇಳುವುದು ಈ ಅಂಕಿಗಳ ಧೈರ್ಯದಿಂದ. ಆದರೆ ಆ ಅಧ್ಯಯನದಲ್ಲಿದ್ದವರು ವೈದ್ಯರು ಎಂಬುದನ್ನೂ ನೆನಪಿಡುತ್ತೇನೆ. ಶ್ವಾಸಕೋಶದ ಒಳಗೆ ಏನಾಗುತ್ತದೆ ಎಂದು ಎಲ್ಲರಿಗಿಂತ ಚೆನ್ನಾಗಿ ಬಲ್ಲವರಲ್ಲೂ ಹಲವರು ವರ್ಷಗಟ್ಟಲೆ ಸೇದುತ್ತಲೇ ಇದ್ದರು. ತಿಳಿವಳಿಕೆಯೊಂದೇ ಸಾಕಾಗಿದ್ದರೆ ಹಾಗಾಗುತ್ತಿರಲಿಲ್ಲ.

ತಪ್ಪು ಹೊರಿಸಿದಾಗ ಆಗುವ ಗಾಯದ ಬಗ್ಗೆಯೂ ಹೇಳಬೇಕು. ಬ್ರಿಟನ್ನಿನಲ್ಲೇ 2004ರಲ್ಲಿ ಶ್ವಾಸಕೋಶದ ಕ್ಯಾನ್ಸರ್ ರೋಗಿಗಳನ್ನು ದೀರ್ಘವಾಗಿ ಮಾತಾಡಿಸಿದ ಅಧ್ಯಯನವೊಂದು ಬಂತು. ಸೇದಿದವರು, ಎಂದೋ ಬಿಟ್ಟವರು, ಜೀವಮಾನದಲ್ಲಿ ಮುಟ್ಟದವರು, ಮೂರೂ ಬಗೆಯ ಜನ ತಮ್ಮನ್ನು ತಪ್ಪಿತಸ್ಥರಂತೆ ನೋಡುತ್ತಾರೆ ಎಂದು ನೊಂದಿದ್ದರು. ಆರೋಪಕ್ಕೆ ಗುರಿ ಇರುವುದಿಲ್ಲ, ಅದು ಎಲ್ಲರ ಮೇಲೂ ಬೀಳುತ್ತದೆ. ಹೊಟ್ಟೆಯ ಹುಣ್ಣಿನ ಕಥೆಯೂ ಇಂಥದ್ದೇ. "ನೀವು ಚಿಂತೆ ಮಾಡ್ತೀರಿ, ಖಾರ ತಿಂತೀರಿ, ಹೊತ್ತಿಗೆ ಸರಿಯಾಗಿ ಊಟ ಮಾಡಲ್ಲ" ಎಂದು ಎಷ್ಟು ಜನರನ್ನು ನಾವು ದೂರಲಿಲ್ಲ! ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ 1980ರ ದಶಕದ ಆರಂಭದಲ್ಲಿ ಅದರ ಹಿಂದೆ ಒಂದು ಬ್ಯಾಕ್ಟೀರಿಯಾ ಇದೆ ಎಂದು ಕಂಡುಕೊಂಡರು. ನಂಬದವರಿಗಾಗಿ ಮಾರ್ಷಲ್ 1984ರಲ್ಲಿ ಆ ಬ್ಯಾಕ್ಟೀರಿಯಾವನ್ನು ತಾವೇ ಕುಡಿದು ಜಠರದ ಉರಿಯೂತ ಬರಿಸಿಕೊಂಡರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಈಗ ಬಹುಪಾಲು ಹುಣ್ಣುಗಳಿಗೆ ಕೆಲವು ದಿನಗಳ ಆಂಟಿಬಯಾಟಿಕ್ ಸೇರಿದ ಚಿಕಿತ್ಸೆ ಇದೆ, ನೋವಿನ ಮಾತ್ರೆಗಳಿಂದ ಬಂದವಕ್ಕೆ ಬೇರೆ ದಾರಿ. ಅಲ್ಲಿಯವರೆಗೆ ಬೈಸಿಕೊಂಡವರಲ್ಲಿ ಯಾರ ಕ್ಷಮೆಯನ್ನೂ ನಾವು ಕೇಳಲಿಲ್ಲ. ಇಂದು "ನಿಮ್ಮಿಂದಲೇ" ಎನ್ನುವ ಕಾಯಿಲೆಗಳಲ್ಲಿ ಯಾವುದರ ಕಥೆ ನಾಳೆ ಹೀಗೆ ಬದಲಾಗುತ್ತದೋ!

ವ್ಯಕ್ತಿಯ ಆಯ್ಕೆಯ ಆಚೆಗಿನ ಕಾರಣಗಳ ಬಗ್ಗೆ ಒಂದೇ ಮಾತು ಹೇಳಿ ಮುಂದೆ ಹೋಗುತ್ತೇನೆ. ಲಂಡನ್ನಿನ ಸರ್ಕಾರಿ ನೌಕರರ ಮೇಲೆ 1967ರಲ್ಲಿ ಶುರುವಾದ ವೈಟ್‌ಹಾಲ್ ಅಧ್ಯಯನದಲ್ಲಿ, ಅತಿ ಕೆಳದರ್ಜೆಯ ನೌಕರರು ಹೃದ್ರೋಗದಿಂದ ಸಾಯುವುದು ಅತಿ ಮೇಲ್ದರ್ಜೆಯವರಿಗಿಂತ ಮೂರು ಪಟ್ಟಿಗೂ ಹೆಚ್ಚಿತ್ತು. ಸಿಗರೇಟು, ಬಿಪಿ, ಕೊಲೆಸ್ಟರಾಲ್ ಎಲ್ಲ ಸೇರಿಸಿದರೂ ಆ ಅಂತರದ ಅರ್ಧವನ್ನೂ ವಿವರಿಸಲಾಗಲಿಲ್ಲ. ಯಾರ ಕೆಲಸದ ಮೇಲೆ ಯಾರಿಗೆ ಎಷ್ಟು ಹಿಡಿತ, ಯಾರಿಗೆ ಎಷ್ಟು ಬಿಡುವು ಎಂಬುದೂ ರಕ್ತನಾಳದೊಳಗೆ ಇಳಿಯುತ್ತದೆ.

"ತಾವೇ ತಂದುಕೊಂಡ ಕಾಯಿಲೆಗೆ ಚಿಕಿತ್ಸೆಯಲ್ಲಿ ಕೊನೆಯ ಸರದಿ ಕೊಡಿ" ಎನ್ನುವವರೂ ಇದ್ದಾರೆ. ಈ ವಾದ ನನಗೆ ಒಪ್ಪಿಗೆಯಿಲ್ಲ. ಮದ್ಯದಿಂದ ಲಿವರ್ ಕೆಟ್ಟವರು ಕಸಿಗೆ ಮುನ್ನ ಆರು ತಿಂಗಳು ಕುಡಿಯದೆ ಇದ್ದು ತೋರಿಸಬೇಕು ಎಂಬ ನಿಯಮ ಬಹಳ ಕಡೆ ಇತ್ತು. ಲಿವರಿನ ತೀವ್ರ ಉರಿಯೂತದವರಲ್ಲಿ ಬಹಳಷ್ಟು ಜನಕ್ಕೆ ಆರು ತಿಂಗಳೇ ಇರುವುದಿಲ್ಲ. ಫ್ರಾನ್ಸ್ ಮತ್ತು ಬೆಲ್ಜಿಯಂ ವೈದ್ಯರು ಎಚ್ಚರಿಕೆಯಿಂದ ಆಯ್ದ 26 ಜನರಿಗೆ ಕಾಯಿಸದೆ ಕಸಿ ಮಾಡಿ 2011ರಲ್ಲಿ ಫಲ ಪ್ರಕಟಿಸಿದರು: ಆರು ತಿಂಗಳ ನಂತರ ಅವರಲ್ಲಿ ಸುಮಾರು 77% ಬದುಕಿದ್ದರು, ಕಸಿ ಸಿಗದ ಅಂಥದೇ ರೋಗಿಗಳಲ್ಲಿ 23%. ಮತ್ತೆ ಕುಡಿದವರು ಕೆಲವರೇ. ಕಾಯಿಸುವ ನಿಯಮ ಎಷ್ಟರಮಟ್ಟಿಗೆ ವೈದ್ಯಕೀಯದ್ದು, ಎಷ್ಟರಮಟ್ಟಿಗೆ ತೀರ್ಪಿನದ್ದು ಎಂದು ಆಮೇಲೆ ಅನೇಕ ಕೇಂದ್ರಗಳು ಮರುಯೋಚನೆ ಮಾಡಿದವು.

ಇನ್ನು ನಿಮ್ಮ ಮನೆಯ ವಿಷಯ.

ಕದ್ದು ತಿನ್ನುವ ಸಿಹಿಯಿಂದ ಶುರುಮಾಡೋಣ. ಅದನ್ನು ತಪ್ಪೆಂದು ಬರೆದುಕೊಳ್ಳುವ ಮೊದಲು ಒಂದು ಪ್ರಶ್ನೆ ಕೇಳಿ: ಆ ಹೊತ್ತಿನಲ್ಲಿ ಕೈ ನಡುಗುತ್ತದೆಯೇ, ಬೆವರುತ್ತದೆಯೇ, ತಡೆಯಲಾರದ ಹಸಿವಾಗುತ್ತದೆಯೇ? ಗ್ಲಿಮೆಪಿರೈಡ್, ಗ್ಲಿಕ್ಲಜೈಡ್ ಗುಂಪಿನ ಮಾತ್ರೆ ತೆಗೆದುಕೊಳ್ಳುವವರಲ್ಲಿ, ಊಟ ತಡವಾದರೆ ಅಥವಾ ಹೆಚ್ಚು ನಡೆದರೆ ಸಕ್ಕರೆ ಹಠಾತ್ತನೆ ಇಳಿಯಬಹುದು. ಸರಾಸರಿ 8.7 ಇದ್ದವರಿಗೂ ಇದಾಗುತ್ತದೆ. ಆಗ ದೇಹ ಸಿಹಿ ಬೇಡುತ್ತದೆ, ತಿನ್ನುವುದು ಜೀವ ಉಳಿಸಿಕೊಳ್ಳುವ ಕೆಲಸ. ಅದನ್ನೇ ನಾವು ಚಪಲ ಎಂದುಕೊಂಡಿರುತ್ತೇವೆ. ಮನೆಯಲ್ಲಿ ಗ್ಲುಕೋಮೀಟರ್ ಇದ್ದರೆ ಆ ಹೊತ್ತಿನಲ್ಲಿ ಒಮ್ಮೆ ನೋಡಲಿ. 70ಕ್ಕಿಂತ ಕೆಳಗಿದ್ದರೆ ವೈದ್ಯರಿಗೆ ಬೇಗ ತಿಳಿಸಬೇಕು, ಮಾತ್ರೆ ಬದಲಿಸಬೇಕಾಗುತ್ತದೆ. ಹಾಗೇನೂ ಇಲ್ಲ, ಸುಮ್ಮನೆ ಆಸೆಯಿಂದ ತಿನ್ನುತ್ತಾರೆ ಎಂದಾದರೂ ಬಚ್ಚಿಟ್ಟು ತಿನ್ನುವುದಕ್ಕಿಂತ ಎದುರಿಗೆ ಕೂತು ಸ್ವಲ್ಪ ತಿನ್ನುವುದು ವಾಸಿ. ಆಗ ಎಷ್ಟು ಎಂಬುದು ಅವರಿಗೂ ಗೊತ್ತಿರುತ್ತದೆ, ಲೆಕ್ಕಕ್ಕೂ ಸಿಗುತ್ತದೆ. ದಯವಿಟ್ಟು ನೀವು ಮನೆಯ ಪೊಲೀಸ್ ಆಗಬೇಡಿ. ಒಬ್ಬರಿಂದ ತಪ್ಪಿಸಿಕೊಳ್ಳಲು ಅವರು ಆಸ್ಪತ್ರೆ ಬಿಟ್ಟಿದ್ದಾರೆ, ಇನ್ನೊಬ್ಬರಿಂದ ತಪ್ಪಿಸಿಕೊಳ್ಳಲು ಮನೆ ಬಿಡಲಾಗದು.

ಎಚ್‌ಬಿಎ1ಸಿ ನಡತೆಯ ಪ್ರಮಾಣಪತ್ರವಲ್ಲ. ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ. ಆ ಅವಧಿಯಲ್ಲಿ ಅದಕ್ಕೆ ಅಂಟಿದ ಸಕ್ಕರೆಯ ಲೆಕ್ಕ ಇದು. ಕಬ್ಬಿಣಾಂಶದ ಕೊರತೆ ಇದ್ದರೆ ಅಂಕಿ ಇರುವುದಕ್ಕಿಂತ ಹೆಚ್ಚಾಗಿ ಕಾಣಬಹುದು. ಗಂಟುನೋವಿಗೋ ಉಬ್ಬಸಕ್ಕೋ ಸ್ಟಿರಾಯ್ಡ್ ತೆಗೆದುಕೊಂಡಿದ್ದರೆ ಸಕ್ಕರೆ ನಿಜಕ್ಕೂ ಏರುತ್ತದೆ. ಪ್ರಯತ್ನವಿಲ್ಲದೆ ತೂಕ ಇಳಿಯುತ್ತಿದ್ದರೆ ಅದನ್ನು ಮುಚ್ಚಿಡದೆ ಹೇಳಬೇಕು, ಅದು ತುರ್ತಾಗಿ ನೋಡಬೇಕಾದ ಲಕ್ಷಣ.

ಮುಂದಿನ ಭೇಟಿಗೆ ನೀವೂ ಜೊತೆಗೆ ಹೋಗಿ. ವಕೀಲರ ಹಾಗೆ ಹೋಗಬೇಡಿ, ಯಾರ ಪರವಾಗಿಯೂ. ತಂದೆಯವರೇ ಮೊದಲು ಮಾತಾಡಲಿ: "ನಾನು ಮಾಡುತ್ತಿರುವುದು ಇಷ್ಟು. ಮಾಡಲಾಗದೆ ಉಳಿದದ್ದು ಇಷ್ಟು. ಇದನ್ನು ಇಟ್ಟುಕೊಂಡು ಮುಂದೇನು ಮಾಡೋಣ?" ಈ ಮೂರು ವಾಕ್ಯ ಕೇಳಿದ ಮೇಲೆ ಬೈಯುವುದು ಯಾವ ವೈದ್ಯರಿಗೂ ಸುಲಭವಲ್ಲ, ಏಕೆಂದರೆ ಪ್ರಶ್ನೆ ಈಗ ಅವರ ಕಡೆ ಬಂದಿದೆ. ಆಮೇಲೆ "ನನ್ನ ವಯಸ್ಸಿಗೆ, ನನ್ನ ದೇಹಕ್ಕೆ ಗುರಿ ಎಷ್ಟಿರಬೇಕು?" ಎಂದು ಕೇಳಿ. 7 ಎಂಬುದು ಎಲ್ಲರಿಗೂ ಕೊರೆದಿಟ್ಟ ಗೆರೆಯಲ್ಲ. ಅಮೆರಿಕ ಮತ್ತು ಕೆನಡಾದಲ್ಲಿ 10,000ಕ್ಕೂ ಹೆಚ್ಚು ಜನರ ಮೇಲೆ ನಡೆದ ಅಕಾರ್ಡ್ ಅಧ್ಯಯನದಲ್ಲಿ, 6ರ ಕೆಳಗೆ ಇಳಿಸಲು ಹಟ ಹಿಡಿದ ಗುಂಪಿನಲ್ಲಿ ಸಾವು ಹೆಚ್ಚಾಗಿ, 2008ರಲ್ಲಿ ಆ ಭಾಗವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಕೊನೆಗೆ "ಔಷಧ ಬದಲಿಸುವ ಹೊತ್ತು ಬಂದಿದೆಯೇ?" ಎಂದು ನೇರವಾಗಿ ಕೇಳಿ. ಇಷ್ಟಾದ ಮೇಲೂ ಅದೇ ವೈದ್ಯರು ಅದೇ ಮಾತಾಡಿದರೆ ಬೇರೊಬ್ಬರನ್ನು ಕಾಣುವುದರಲ್ಲಿ ತಪ್ಪೇನೂ ಇಲ್ಲ. ಯಾರನ್ನೂ ಕಾಣದಿರುವುದು ಮಾತ್ರ ಬೇಡ.

ಆ ಬಾಗಿಲಿಗೆ ಮರಳಿ ಹೋಗಲು ಅವರಿಗೆ ಇನ್ನೂ ಮನಸ್ಸಿಲ್ಲದಿದ್ದರೆ ಕಣ್ಣಿನಿಂದ ಶುರುಮಾಡಿ. ಮಧುಮೇಹ ಇರುವವರು ವರ್ಷಕ್ಕೊಮ್ಮೆ ರೆಟಿನಾ, ಅಂದರೆ ಕಣ್ಣಿನ ಒಳಪರದೆ, ತೋರಿಸಬೇಕು. ಕಣ್ಣು ಮಂಜಾಗುವ ಮುನ್ನವೇ ತೊಂದರೆ ಅಲ್ಲಿ ಕಾಣುತ್ತದೆ, ಹೊತ್ತಿಗೆ ಸರಿಯಾಗಿ ಸಿಕ್ಕರೆ ದೃಷ್ಟಿ ಉಳಿಸಬಹುದು. ಮೂತ್ರಪಿಂಡದ ಸ್ಥಿತಿ ತಿಳಿಯಲು ಮೂತ್ರದಲ್ಲಿ ಅಲ್ಬುಮಿನ್ ಮತ್ತು ರಕ್ತದಲ್ಲಿ ಕ್ರಿಯಾಟಿನಿನ್, ಪಾದದ ಸ್ಪರ್ಶ, ಇವೂ ವರ್ಷಕ್ಕೊಮ್ಮೆ ಆಗಬೇಕಾದ್ದು. ಎಂಟು ತಿಂಗಳ ಲೆಕ್ಕ ನೋಡಿದರೆ ಎಲ್ಲದರ ಹೊತ್ತೂ ಹತ್ತಿರ ಬಂದಿದೆ, ಕೆಲವು ಮೀರಿಯೂ ಇರಬಹುದು. ಕಣ್ಣಿನ ಪರೀಕ್ಷೆಯ ಕೋಣೆಯಲ್ಲಿ ಪಾಪೆ ಹಿಗ್ಗಿಸುವ ಹನಿ ಹಾಕಿ ಅರ್ಧ ಗಂಟೆ ಕಣ್ಣು ಮುಚ್ಚಿ ಕೂರಿಸುತ್ತಾರೆ. ಏನು ತಿಂದಿರಿ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಈ ವಾರವೇ ಕರೆದುಕೊಂಡು ಹೋಗಿ, ಪಕ್ಕದಲ್ಲಿ ಕೂತಿರಿ. ಹನಿಯ ಪ್ರಭಾವ ಇಳಿಯಲು ಕೆಲವು ಗಂಟೆ ಬೇಕು, ವಾಪಸ್ಸು ಬರುವಾಗ ಅವರ ಕೈ ಹಿಡಿದುಕೊಳ್ಳಿ.